ಮುಖ ಯಾವ ಕಡೆಗಿತ್ತು

ತಿಮ್ಮೇಶ್ ತಂದಿದ್ದ ಫಾರಂನಲ್ಲಿ ಹನ್ನೊಂದು ಕಾಲಂ ಇದ್ದವು. ಏಳರ ತನಕ ಖಮರುನ್ನೀಸಾ ಎಲ್ಲೂ ತಡವರಿಸಲಿಲ್ಲ. ಹೆಸರು ಸಯೀದ್. ಊರು ಗುಬ್ಬಿ. ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಹುಟ್ಟಿದ್ದು ಅರವತ್ತಾರನೇ ಇಸವಿ. ಪಟಾಲಂ ಸೇರಿದ್ದು ಎಂಬತ್ತೈದು. ಮದುವೆ ಆಗಿರಲಿಲ್ಲ. ತೀರಿಕೊಂಡಿದ್ದು ಎಂಬತ್ತೇಳರ ಅಕ್ಟೋಬರ್, ಶ್ರೀಲಂಕಾದ ಜಾಫ್ನಾ. ಪಿಕೋ ಮಿಷನ್ನಿನ ಮುಂದೆ ಕೂತಲ್ಲೇ ಕೂತು, ಯಾರದೋ ಸೀರೆಯ ಅಂಚನ್ನು ಸೂಜಿಯ ಕೆಳಗೆ ಸರಿಸುತ್ತಲೇ ಅವಳು ಇದನ್ನೆಲ್ಲ ಹೇಳಿದಳು. ರೇಷನ್ ಕಾರ್ಡಿನ ವಿವರ ಕೊಟ್ಟ ಹಾಗೆ.

ತಿಮ್ಮೇಶ್ ಹಿಂದೆ ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದವನು. ಗುಬ್ಬಿಯ ನಾಲ್ಕಾರು ಮಾಜಿ ಸೈನಿಕರು ಸೇರಿಕೊಂಡು, ಆ ತಾಲ್ಲೂಕಿನಿಂದ ಹೋಗಿ ಸತ್ತವರ ಹೆಸರು ಕೆತ್ತಿಸಿ ಒಂದು ಕಲ್ಲು ನಿಲ್ಲಿಸಬೇಕೆಂದು ಓಡಾಡುತ್ತಿದ್ದರು. ಒಂಬತ್ತು ಹೆಸರು ಸಿಕ್ಕಿದ್ದವು. ಆರನೆಯದು ಸಯೀದನದು. ಅಕ್ಕ ತುಮಕೂರಿನಲ್ಲಿದ್ದಾಳೆ, ಶಿರಾ ಗೇಟ್ ಹತ್ತಿರ ಆಟೋ ಸೀಟು ಹೊಲಿಯುವ ಮುನಾವರ್ ಪಾಷಾನ ಹೆಂಡತಿ ಅಂತ ಯಾರೋ ಹೇಳಿದ್ದಕ್ಕೆ ಹುಡುಕಿಕೊಂಡು ಬಂದಿದ್ದ.

"ಎಂಟನೇದು, ಅಂತ್ಯಕ್ರಿಯೆ ನಡೆದ ಸ್ಥಳ," ಅಂದ.

"ಗೊತ್ತಿಲ್ಲ."

"ಬಾಡಿ ಬರ್ಲಿಲ್ವಾ ಅಮ್ಮಾ?"

"ಇಲ್ಲ. ಟ್ರಂಕ್ ಬಂತು."

ತಿಮ್ಮೇಶ್ ಪೆನ್ನು ಕೆಳಗಿಟ್ಟ. ಆಮೇಲೆ ಮೊಬೈಲ್ ತೆಗೆದು ಅದರಲ್ಲಿದ್ದ ಪಟ್ಟಿಯನ್ನು ಬೆರಳಿನಿಂದ ಮೇಲೆ ಕೆಳಗೆ ಮಾಡಿದ. "ಅದೇ ಪಲ್ಟನ್ನಲ್ಲಿ ಇದ್ದೋರು ನಮ್ಮ ಜಿಲ್ಲೇಲಿ ಒಬ್ರೇ ಉಳ್ದಿರೋದು. ಕುಣಿಗಲ್ ತಾಲ್ಲೂಕು, ಅಮೃತೂರು. ಚನ್ನವೀರಯ್ಯ ಅಂತ. ಹವಾಲ್ದಾರ್ ಆಗಿ ರಿಟೈರ್ ಆದ್ರು. ನಂಬರ್ ಕೊಡ್ತೀನಿ, ನೀವೇ ಕೇಳಿ. ಅದೊಂದು ಖಾಲಿ ಬಿಟ್ರೂ ನಡೀತದೆ ಅನ್ನಿ."

ಚನ್ನವೀರಯ್ಯ ಅನ್ನುವ ಹೆಸರು ಕಿವಿಗೆ ಬಿದ್ದಾಗ ಖಮರುನ್ನೀಸಾಳ ಕಾಲು ಪೆಡಲಿನಿಂದ ತಾನಾಗಿ ಸರಿಯಿತು.

*

ತಂತಿ ಬಂದಾಗ ಅವಳಿಗೆ ಇಪ್ಪತ್ನಾಲ್ಕು. ಮದುವೆಯಾಗಿ ತುಮಕೂರಿಗೆ ಬಂದು ಮೂರು ವರ್ಷ, ಮಡಿಲಲ್ಲಿ ಎಂಟು ತಿಂಗಳ ಮಗ ಶಾಬಾಜ್. ಅವಳು ಅಕ್ಕಿ ಆರಿಸುತ್ತಿದ್ದಳು. ಗುಬ್ಬಿಯಿಂದ ಲಾರಿ ಹತ್ತಿ ಬಂದ ಚಿಕ್ಕಪ್ಪ ಬಾಗಿಲಲ್ಲೇ ನಿಂತು ವಿಷಯ ಹೇಳಿ, ಅಲ್ಲೇ ಕುಸಿದು ಕೂತ. ಖಮರುನ್ನೀಸಾ ಮೊರದಲ್ಲಿ ಉಳಿದಿದ್ದ ಅಕ್ಕಿಯನ್ನು ಪೂರ್ತಿ ಆರಿಸಿ, ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ ಎದ್ದಳು. ಆಮೇಲೆ ಬುರ್ಖಾ ಹಾಕಿಕೊಂಡು ಮಗನನ್ನೆತ್ತಿಕೊಂಡು ಹೊರಟಳು.

ಗುಬ್ಬಿಯ ಮನೆಯಲ್ಲಿ ಬೀದಿ ತುಂಬ ಜನ. ಅಮ್ಮೀ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರು. ಅಬ್ಬಾ ಕುಲುಮೆಯ ಪಕ್ಕ ತಿದಿ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಸಯೀದ್ ಚಿಕ್ಕವನಾಗಿದ್ದಾಗ ಅದೇ ತಿದಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಅವರ ಹಿಂದೆ ಹಾಗಲವಾಡಿಯ ತನಕ ನಡೆಯುತ್ತಿದ್ದ. ಊರೂರಿನ ಹಿತ್ತಾಳೆ ಪಾತ್ರೆ ಬೆಳ್ಳಗೆ ಮಾಡಿ ಬರುತ್ತಿದ್ದರು ಅಪ್ಪ ಮಗ. ಮನೆಮನೆಗೆ ಸ್ಟೀಲು ಬಂದು ಆ ಕೆಲಸ ಕಡಿಮೆಯಾದ ಮೇಲೆಯೇ ಅವನು ಮಿಲಿಟರಿಗೆ ಹೋಗಿದ್ದು. ಅದು ಎಲ್ಲರಿಗೂ ಗೊತ್ತಿತ್ತು. ಖಮರುನ್ನೀಸಾ ಒಂದು ಮೂಲೆಯಲ್ಲಿ ಕೂತು ಎಲ್ಲರನ್ನೂ ನೋಡಿದಳು. ಅಳು ಬರಲಿಲ್ಲ. ನಾಳೆ ಬರುತ್ತೆ ಅಂದುಕೊಂಡಳು. ನಲವತ್ತನೇ ದಿನದ ಫಾತಿಹಾ ಮುಗಿದರೂ ಬರಲಿಲ್ಲ. "ಕಲ್ಲೆದೆ ಇದಕ್ಕೆ," ಅಂದಳು ಅತ್ತೆಯೊಬ್ಬಳು, ಕೇಳಿಸುವ ಹಾಗೆಯೇ. ಇದ್ದರೂ ಇರಬಹುದು ಅಂತ ಖಮರುನ್ನೀಸಾಳಿಗೂ ಅನ್ನಿಸಿತು.

ಎಂಬತ್ತೆಂಟರ ಜನವರಿಯಲ್ಲಿ ಒಂದು ಇನ್‌ಲ್ಯಾಂಡ್ ಕಾಗದ ಬಂತು. ಕನ್ನಡದಲ್ಲಿ ಬರೆದಿತ್ತು. "ಸಯೀದ್ ನನ್ನ ಜೊತೆಯವನು. ಅವನನ್ನು ಸುಡಲು ಬಿಡಲಿಲ್ಲ. ಮಣ್ಣು ಮಾಡಿದೆ. ಚಿಂತೆ ಮಾಡಬೇಡಿ. ಇಂತಿ ಚನ್ನವೀರಯ್ಯ." ಇಷ್ಟೇ. ಅಮ್ಮೀಗೆ ಕನ್ನಡ ಓದಲು ಬರುತ್ತಿರಲಿಲ್ಲ. ಖಮರುನ್ನೀಸಾ ಓದಿ, ಮನೆಮಾತಿನ ಉರ್ದುವಿನಲ್ಲಿ ತಿಳಿಸಿ ಹೇಳಿದಳು. ಅಮ್ಮೀ ಆ ಕಾಗದವನ್ನು ಕಣ್ಣಿಗೊತ್ತಿಕೊಂಡರು. ಅವತ್ತು ಮೂರು ತಿಂಗಳ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡರು. ಮಾರನೇ ದಿನ ಕೇಳಿದರು, "ಮುಖ ಯಾವ ಕಡೆಗಿಟ್ರಂತೆ?"

ಕಬರಿನಲ್ಲಿ ಮುಖ ಕಿಬ್ಲಾದ ಕಡೆ, ಅಂದರೆ ಪಡುವಣದ ಮೆಕ್ಕಾದ ಕಡೆ ತಿರುಗಿರಬೇಕು. ಬೇರೆ ಧರ್ಮದ ಹುಡುಗನಿಗೆ ಅದು ಗೊತ್ತಿತ್ತೋ ಇಲ್ಲವೋ? ಅಮ್ಮೀ ಹೇಳಿ ಬರೆಸಿದರು, ಖಮರುನ್ನೀಸಾ ಬರೆದಳು. ಉತ್ತರ ಬರಲಿಲ್ಲ. ಆರು ತಿಂಗಳು ಬಿಟ್ಟು ಮತ್ತೊಂದು ಬರೆದಳು. ಅದಕ್ಕೂ ಇಲ್ಲ. ಅಬ್ಬಾ ಹೋದರು. ಅಮ್ಮೀ ಮಾತ್ರ ಆ ಪ್ರಶ್ನೆಯನ್ನು ಬಿಡಲಿಲ್ಲ. ಮಾತಿನ ಮಧ್ಯೆ, ತರಕಾರಿ ಹೆಚ್ಚುವಾಗ, ಮೊಮ್ಮಗನಿಗೆ ಎಣ್ಣೆ ಹಚ್ಚುವಾಗ, "ಆ ಟಾಪುವಿನಲ್ಲಿ ಪಡುವಣ ಯಾವ ಕಡೆ ಬರುತ್ತೋ," ಅನ್ನುತ್ತಿದ್ದರು. ದ್ವೀಪಕ್ಕೆ ಅವರು ಟಾಪು ಅನ್ನುತ್ತಿದ್ದರು. ಎರಡು ಸಾವಿರದ ಆರರಲ್ಲಿ ಅವರೂ ಹೋದರು. ಆಗಲೂ ಖಮರುನ್ನೀಸಾ ಅಳಲಿಲ್ಲ. ಮಾಡಬೇಕಾದ್ದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದಳು.

*

ಫೋನು ಮಾಡಿದಾಗ ಆ ಕಡೆಯಿಂದ ಮೊದಲು ಕೇಳಿಸಿದ್ದು ಉಸಿರು. ಮೇಲುಸಿರು.

"ನಾನು ಸಯೀದನ ಅಕ್ಕ. ಗುಬ್ಬಿ ಸಯೀದ್."

ಲೈನ್ ಕಟ್ಟಾಯಿತೇನೋ ಅಂತ ಅವಳು ಮೊಬೈಲ್ ನೋಡಿಕೊಂಡಳು.

"ಬನ್ನಿ ಅಕ್ಕ," ಅಂದಿತು ಆ ದನಿ. "ಇದು ಫೋನಲ್ಲಿ ಆಗೋದಲ್ಲ. ನಾನೇ ಬರ್ಬೇಕಾಗಿತ್ತು, ನನ್ ಕೈಲಿ ಆಗಲ್ಲ."

ಶುಕ್ರವಾರ ಅಂಗಡಿಗೆ ರಜೆ. ಮುನಾವರ್ ಪಾಷಾ ತಾನೂ ಬರುತ್ತೇನೆಂದ. ಮಾತು ಕಡಿಮೆಯ ಮನುಷ್ಯ. ಮದುವೆಯಾದ ಇಷ್ಟು ವರ್ಷದಲ್ಲಿ ಅವನು ಬಾಮೈದನ ವಿಷಯ ಎತ್ತಿದ್ದು ಎರಡೋ ಮೂರೋ ಸಲ. ಅವಳೇ ಎತ್ತದ್ದನ್ನು ತಾನು ಯಾಕೆ ಎತ್ತಲಿ ಅಂತ ಇರಬೇಕು. ಬೆಳಿಗ್ಗೆ ಕುಣಿಗಲ್ ಬಸ್ಸು ಹಿಡಿದು, ಅಲ್ಲಿಂದ ಅಮೃತೂರಿಗೆ ಪ್ರೈವೇಟ್ ಬಸ್ಸು ಹತ್ತಿದರು. ಶಾಲೆಯ ಮಕ್ಕಳು ತುಂಬಿಕೊಂಡಿದ್ದರು. ಒಂದು ಹುಡುಗಿ ಎದ್ದು ಅವಳಿಗೆ ಜಾಗ ಕೊಟ್ಟಿತು. ಕಿಟಕಿಯಾಚೆ ತೆಂಗಿನ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಅವಳಿಗೆ ಹೆದರಿಕೆಯೂ ಇರಲಿಲ್ಲ, ಆಸೆಯೂ ಇರಲಿಲ್ಲ. ಮಂಡಿ ನೋವಿಗೆ ಮಾತ್ರೆ ತಗೊಂಡು ಬಂದೆನೋ ಇಲ್ಲವೋ ಅಂತ ಒಮ್ಮೆ ಯೋಚನೆಯಾಯಿತು, ಅಷ್ಟೇ.

ಚನ್ನವೀರಯ್ಯನ ಮನೆ ತೋಟಕ್ಕೆ ಅಂಟಿಕೊಂಡಿತ್ತು. ಆತ ಜಗುಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಹಣೆಯಲ್ಲಿ ವಿಭೂತಿ, ಮೂಗಿಗೆ ಆಕ್ಸಿಜನ್ನಿನ ಸಣ್ಣ ಪೈಪು. ಪಕ್ಕದಲ್ಲಿ ಅದರ ಮಿಷನ್ನು ಗುರ್ ಅನ್ನುತ್ತಿತ್ತು. ಸಯೀದನ ವಾರಿಗೆಯವನು ಅಂದರೆ ಐವತ್ತೆಂಟು ಇರಬೇಕು, ಎಪ್ಪತ್ತರ ಮೇಲಾದವನ ಹಾಗೆ ಕಾಣುತ್ತಿದ್ದ. ಸಯೀದ್ ಬದುಕಿದ್ದರೆ ಅವನಿಗೂ ತಲೆ ಬೆಳ್ಳಗಾಗಿರುತ್ತಿತ್ತು ಅನ್ನುವುದು ಖಮರುನ್ನೀಸಾಳಿಗೆ ಆಗ ಹೊಳೆಯಿತು. ಇಷ್ಟು ವರ್ಷ ಅದನ್ನು ಅವಳು ಯೋಚಿಸಿಯೇ ಇರಲಿಲ್ಲ.

ಆತನ ಹೆಂಡತಿ ಶಿವಗಂಗಮ್ಮ ಚಾಪೆ ಹಾಸಿ, ಕಾಫಿ ತಂದುಕೊಟ್ಟು, ಗಂಡನ ಕಡೆ ಒಂದು ಸಲ ನೋಡಿ, ಬಾಗಿಲಿಗೆ ಒರಗಿ ಕೂತಳು.

"ಎರಡು ಕಾಗದ ಬರ್ದಿದ್ರಿ," ಅಂದ ಚನ್ನವೀರಯ್ಯ. ಪೀಠಿಕೆ ಏನೂ ಇಲ್ಲ. "ಎರಡೂ ಬಂದ್ವು ಅಕ್ಕ. ಮೊದಲ್ನೇದು ಬಂದಾಗ ನಾನು ಆಸ್ಪತ್ರೇಲಿದ್ದೆ. ಎರಡನೇದು ಬಂದಾಗ ಚೆನ್ನಾಗೇ ಇದ್ದೆ. ಆದ್ರೂ ಬರೀಲಿಲ್ಲ."

"ಯಾಕೆ ಬರೀಲಿಲ್ಲ ಅಣ್ಣಾ?"

"ಹೇಳ್ತೀನಿ. ಅದಕ್ಕೇ ಬನ್ನಿ ಅಂದಿದ್ದು."

ಮೂಗಿನ ಪೈಪು ಸರಿಮಾಡಿಕೊಂಡ.

"ಶಾಂತಿ ಕಾಯೋಕೆ ಅಂತ ಕಳ್ಸಿದ್ರು ನಮ್ಮನ್ನ. ಹೋಗಿ ಎರಡೂವರೆ ತಿಂಗಳಿಗೆ ಯುದ್ಧ ಆಯ್ತು. ನಮ್ಮ ಸೆಕ್ಷನ್ನಲ್ಲಿ ಹತ್ತು ಜನ. ಎಂಟು ಜನ ತಮಿಳ್ನೋರು, ತೆಲುಗ್ನೋರು. ಕನ್ನಡ ಮಾತಾಡೋಕೆ ನಾವಿಬ್ರೇ. ಗುಬ್ಬಿಗೂ ಅಮೃತೂರಿಗೂ ಎಲ್ಲಿಂದೆಲ್ಲಿಗೆ ಹೇಳಿ. ಸಮುದ್ರ ದಾಟಿದ್ಮೇಲೆ ಇಬ್ರೂ ಒಂದೇ ಊರ್ನೋರು. ಅವ್ನು ನನ್ನ 'ಲೋ ಐನೋರೇ' ಅಂತಿದ್ದ. ನಾನು ಐನೋರಲ್ಲ ಕಣ್ಲಾ ಅಂದ್ರೂ ಕೇಳ್ತಿರ್ಲಿಲ್ಲ."

ಖಮರುನ್ನೀಸಾ ಲೋಟ ಕೆಳಗಿಟ್ಟಳು.

"ಅವತ್ತು ಬೆಳಿಗ್ಗೆ ಹತ್ತು ಗಂಟೆ ಇರ್ಬೇಕು. ಮಳೆ. ತಾಳೆಗರಿ ಬೇಲಿ ಕಟ್ಟಿರೋ ಸಂದಿ, ಒಬ್ಬರ ಹಿಂದೆ ಒಬ್ರು ಹೋಗ್ತಾ ಇದ್ವಿ. ಮುಂದೊಂದು ಇಸ್ಕೂಲು. ಅಲ್ಲಿಂದ್ಲೋ ಇನ್ನೆಲ್ಲಿಂದ್ಲೋ ಗುಂಡು ಬಂತು. ಮುಂದಿದ್ದ ಇಬ್ರು ಅಲ್ಲೇ ಬಿದ್ರು. ನಾನು ಒಂದು ಸಿಮೆಂಟ್ ತೊಟ್ಟಿ ಹಿಂದೆ ಹಾರ್ಕೊಂಡೆ. ಸಯೀದ್ಗೆ ಹೊಟ್ಟೆಗೆ ಬಿದ್ದಿತ್ತು. ನನ್ನಿಂದ ಆ ಕಂಬದಷ್ಟು ದೂರ ಅಷ್ಟೇ."

ಆತ ತೋರಿಸಿದ ಕಂಬವನ್ನು ಮುನಾವರ್ ಪಾಷಾ ತಿರುಗಿ ನೋಡಿದ. ಜಗುಲಿಯ ಕೊನೆಯ ಕಂಬ. ಮೂರು ಮಾರೂ ಇರಲಿಲ್ಲ.

"ತಕ್ಷಣ ಹೋಗ್ಲಿಲ್ಲ ಅಕ್ಕ. ಮುಕ್ಕಾಲು ಗಂಟೆ ಇದ್ದ. ಮಾತಾಡ್ತಾನೇ ಇದ್ದ. ಎಲ್ಲಾರೂ ಅಂತಾರಲ್ಲ, ಕೊನೇಲಿ ಅಮ್ಮ ಅಂದ, ದೇಶ ಅಂದ ಅಂತ. ಅಂಥದ್ದೇನೂ ಅನ್ಲಿಲ್ಲ ಅವ್ನು. ಬೂಟು ಬಿಚ್ಚೋ, ಕಾಲು ಕಡೀತಾ ಐತೆ ಅಂದ. ಮೂರು ದಿವಸದಿಂದ ನೆಂದಿದ್ವು ಬೂಟು. ಬಿಚ್ಚೋ ಐನೋರೇ, ಬಿಚ್ಚೋ ಐನೋರೇ. ನಾನು ತಲೆ ಎತ್ತಿದ್ರೆ ಗುಂಡು ಬರೋದು. ಬಂದೆ ಇರೋ, ಬಂದೆ ಇರೋ ಅಂತಿದ್ದೆ. ಹೋಗೋಕಾಗ್ಲಿಲ್ಲ. ಆಮೇಲೆ ಸುಮ್ಮನಾದ."

ಶಿವಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇದು ಅವಳಿಗೂ ಹೊಸ ವಿಷಯ ಅನ್ನುವುದು ಮುಖ ನೋಡಿದರೆ ತಿಳಿಯುತ್ತಿತ್ತು. ಖಮರುನ್ನೀಸಾ ತನ್ನೊಳಗೆ ಏನಾದರೂ ಆಗುತ್ತದೇನೋ ಅಂತ ಕಾದಳು. ಏನೂ ಆಗಲಿಲ್ಲ. ಆಕ್ಸಿಜನ್ ಮಿಷನ್ನಿನ ಸದ್ದು ಮಾತ್ರ ದೊಡ್ಡದಾಗಿ ಕೇಳುತ್ತಿತ್ತು.

"ಎರಡು ದಿನ ಅಲ್ಲಿಗೆ ಹೋಗೋಕೆ ಆಗ್ಲಿಲ್ಲ. ಆಮೇಲೆ ಹೋಗಿ ಎಲ್ಲಾರ್ನೂ ತಂದ್ವಿ. ಹದ್ನಾಲ್ಕು ಜನ. ಹೆಲಿಕಾಪ್ಟ್ರು ಇಳಿಯೋ ಹಂಗಿಲ್ಲ. ಅಲ್ಲೇ ದಹನ ಮಾಡ್ಬೇಕು ಅಂತ ಆಯ್ತು. ಬಿದ್ದ ಮನೆಗಳ ಬಾಗ್ಲು, ಕಿಟಕಿ ತಂದು ಒಟ್ಟಿದ್ರು. ತಪ್ಪು ಅನ್ನೋಕಾಗಲ್ಲ, ಬೇರೆ ದಾರಿ ಇರ್ಲಿಲ್ಲ. ನಾನು ಸುಬೇದಾರ್ ಸಾಹೇಬ್ರ ಹತ್ರ ಹೋದೆ. ಇವ್ನನ್ನ ಸುಡಂಗಿಲ್ಲ ಸಾರ್, ನಮ್ಮಲ್ಲಿ ಹೂಳೋದು ಅಂದೆ. ಅವ್ರು ನನ್ ಮುಖ ನೋಡಿದ್ರು. ಅವ್ನು ಮುಸಲ್ಮಾನ, ನೀನು ಯಾರು, ನಮ್ಮಲ್ಲಿ ಅಂದ್ರೇನು ಅಂದ್ರು. ನಾನು ಲಿಂಗವಂತ ಸಾರ್, ನಮ್ಮಲ್ಲೂ ಸುಡಲ್ಲ, ಇಬ್ರದ್ದೂ ಮಣ್ಣೇ ಅಂದೆ. ಗಡಿಯಾರ ನೋಡಿ, ಒಂದು ಗಂಟೆ ಕೊಡ್ತೀನಿ, ಜನ ಕೊಡಲ್ಲ ಅಂದ್ರು."

"ಒಬ್ರೇ ತೋಡಿದ್ರಾ?" ಅಂದಳು ಖಮರುನ್ನೀಸಾ.

"ಒಬ್ನೇ. ನಮ್ಮ ಹತ್ರ ಇರೋ ಮೋಟು ಗುದ್ದಲಿ. ಮೇಲೆ ಕೆಂಪು ಮಣ್ಣು, ಸೊಂಟದಷ್ಟು ಆಳ ಹೋಗೋದ್ರೊಳಗೆ ಸುಣ್ಣದ ಕಲ್ಲು ಸಿಕ್ತು. ಉದ್ದ ತೋಡೋಕೆ ಆಗ್ಲಿಲ್ಲ ಅಕ್ಕ. ಟೈಮು ಆಗೋಗಿತ್ತು. ಅಷ್ಟಕ್ಕೂ ನಂಗೆ ಬೇರೆ ಗೊತ್ತಿರ್ಲಿಲ್ಲ. ನಾನು ನೋಡಿದ್ದು ನಮ್ಮ ತಾತನ್ನ ಮಣ್ಣು ಮಾಡಿದ್ದು ಒಂದೇ. ನಮ್ಮಲ್ಲಿ..." ಆತ ನಿಲ್ಲಿಸಿದ. ಎದೆ ಏರಿಳಿಯುತ್ತಿತ್ತು. "ನಮ್ಮಲ್ಲಿ ಮಲಗ್ಸಲ್ಲ ಅಕ್ಕ. ಕೂರುಸ್ತೀವಿ. ಕೂರಿಸ್ಬುಟ್ಟೆ. ಸಯೀದ್ನ ಕೂರಿಸ್ಬುಟ್ಟೆ ನಾನು."

ತೋಟದಲ್ಲಿ ಯಾರೋ ಕಾಯಿ ಕೀಳುತ್ತಿದ್ದರು. ಒಂದೆರಡು ಧೊಪ್ಪನೆ ಬಿದ್ದವು.

"ಬೂಟು ಬಿಚ್ಚಿದೆ. ಕಾಲು ಒರೆಸ್ದೆ. ಜೇಬಲ್ಲಿ ವಿಭೂತಿ ಗಟ್ಟಿ ಇತ್ತು, ಕೈಗೆ ತಗೊಂಡೆ, ಆಮೇಲೆ ಇದು ಅವನ್ದಲ್ಲ ಅಂತ ಮತ್ತೆ ಜೇಬಿಗೆ ಇಟ್ಕೊಂಡೆ. ಏನಾದ್ರೂ ಹೇಳ್ಬೇಕಲ್ಲ, ನಂಗೆ ನಿಮ್ದು ಏನೂ ಬರಲ್ಲ. ಊಟಕ್ಕೆ ಮುಂಚೆ ಅವ್ನು ಬಿಸ್ಮಿಲ್ಲಾ ಅಂತಿದ್ದ. ಅದನ್ನೇ ಅಂದೆ. ಅಂದು ಮಣ್ಣು ಎಳೆದೆ. ಊರಿಗೆ ಬಂದ್ಮೇಲೆ ಗೊತ್ತಾಯ್ತು, ನಿಮ್ಮಲ್ಲಿ ಮಲಗ್ಸೋದು, ಮುಖ ಒಂದು ಕಡೇಗೆ ತಿರುಗ್ಸೋದು ಅಂತ. ಅಷ್ಟೊತ್ತಿಗೆ ನಿಮ್ಮ ಕಾಗದ ಬಂತು. ಮುಖ ಯಾವ ಕಡೆಗಿತ್ತು? ಏನಂತ ಬರೀಲಿ? ಕೂರ್ಸಿದೀನಿ ಅಂತ ಬರೀಲಾ? ಆ ತಾಯಿ ಏನಾಗ್ಬೇಕು?"

"ಯಾವ ಕಡೆಗಿತ್ತು?"

"ಗೊತ್ತಿಲ್ಲ ಅಕ್ಕ. ಮೋಡ. ಒಂದು ವಾರದಿಂದ ಸೂರ್ಯನ್ನೇ ಕಂಡಿರ್ಲಿಲ್ಲ. ಇಸ್ಕೂಲಿನ ಕಡೆಗಿತ್ತು. ಇಸ್ಕೂಲು ಯಾವ ಕಡೆಗಿತ್ತೋ ಗೊತ್ತಿಲ್ಲ."

ಅವಳು ತಲೆಯಾಡಿಸಿದಳು. ಅಮ್ಮೀ ಹದಿನೆಂಟು ವರ್ಷ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು. ಚನ್ನವೀರಯ್ಯ ಅವಳನ್ನೇ ನೋಡುತ್ತಿದ್ದ. ಬೈದರೆ ಬೈಸಿಕೊಳ್ಳುವುದಕ್ಕೆ, ಅತ್ತರೆ ತಾನೂ ಅಳುವುದಕ್ಕೆ ಸಿದ್ಧನಾಗಿ ಕೂತವನ ಹಾಗೆ. ಅವಳು ಎರಡನ್ನೂ ಮಾಡಲಿಲ್ಲ.

"ತಪ್ಪಾಯ್ತಾ ಅಕ್ಕ?"

ಅವಳಿಗೆ ತಪ್ಪು ಅನ್ನಿಸಲಿಲ್ಲ. ಸರಿ ಅಂತಲೂ ಅನ್ನಿಸಲಿಲ್ಲ. ಆತನ ಕೈಗಳು ತೊಡೆಯ ಮೇಲಿದ್ದವು. ದಪ್ಪ ಬೆರಳು, ಉಬ್ಬಿದ ನರ.

"ಆ ಮೋಟು ಗುದ್ದಲೀಲಿ ತೋಡಿದ್ರಲ್ಲ, ಕೈ ಏನಾಯ್ತು ಅಣ್ಣಾ?"

ಚನ್ನವೀರಯ್ಯ ಅದನ್ನು ನಿರೀಕ್ಷಿಸಿರಲಿಲ್ಲ. ಅಂಗೈ ತಿರುಗಿಸಿ ನೋಡಿಕೊಂಡ. "ಬೊಬ್ಬೆ ಬಂದಿದ್ವು," ಅಂದ. "ಒಂದು ವಾರ ಬಂದೂಕು ಹಿಡಿಯೋಕೆ ಆಗ್ಲಿಲ್ಲ." ಆಮೇಲೆ ಕೆಮ್ಮು ಹತ್ತಿತು. ಶಿವಗಂಗಮ್ಮ ಎದ್ದು ಬಂದು ಬೆನ್ನು ಸವರಿ, "ಸಾಕು ಬುಡಿ, ಸಾಕು ಬುಡಿ, ಉಸಿರು ಕಟ್ಕೋತದೆ," ಅಂದಳು.

ಊಟ ಮಾಡದೆ ಬಿಡಲಿಲ್ಲ ಶಿವಗಂಗಮ್ಮ. ಮುದ್ದೆ, ಅವರೆಕಾಳು ಸಾರು. ಮುನಾವರ್ ಪಾಷಾ ಮೊದಲ ತುತ್ತಿಗೆ ಮೆಲ್ಲಗೆ ಬಿಸ್ಮಿಲ್ಲಾ ಅಂದ. ಜಗುಲಿಯ ಮೇಲೆ ಚನ್ನವೀರಯ್ಯ ಕಣ್ಣು ಮುಚ್ಚಿಕೊಂಡು ಕೂತಿದ್ದ.

*

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮುನಾವರ್ ಪಾಷಾ ತಾನಾಗಿ ಮಾತಾಡಿದ. "ಯುದ್ಧದಲ್ಲಿ ಸತ್ತ ಶಹೀದನಿಗೆ ಸ್ನಾನ ಬೇಡ, ಕಫನ್ ಬಟ್ಟೆ ಬೇಡ. ಹಾಕಿಕೊಂಡ ಬಟ್ಟೆಯಲ್ಲೇ ಮಣ್ಣು ಕೊಡಬಹುದು. ಮಸೀದಿಯ ಹಜರತ್ರನ್ನ ಬೇಕಾದರೆ ಕೇಳೋಣ."

"ಕೂರಿಸಿದ್ದಕ್ಕೆ?"

ಸ್ವಲ್ಪ ದೂರ ಹೋದ ಮೇಲೆ, "ಒಂದು ಗಂಟೆಯಲ್ಲಿ ಒಬ್ಬನೇ," ಅಂದ. "ನಾನಾಗಿದ್ದರೆ ಮಾಡುತ್ತಿದ್ದೆನೋ ಇಲ್ಲವೋ."

ಹಜರತ್ರನ್ನು ಕೇಳಲು ಅವಳು ಒಪ್ಪಲಿಲ್ಲ. ಕೇಳಿ ಮಾಡುವುದೇನಿದೆ? ಮಗ ಶಾಬಾಜನಿಗೂ ಸೊಸೆ ಅಂಬ್ರೀನ್‌ಗೂ ಹೇಳಲಿಲ್ಲ. ಹೇಳಬಾರದೆಂದಲ್ಲ, ಹೇಳಲು ಶುರು ಮಾಡುವುದು ಎಲ್ಲಿಂದ ಅಂತ ತಿಳಿಯಲಿಲ್ಲ. ಮಾರನೇ ದಿನ ಹದಿನಾಲ್ಕು ಸೀರೆಗೆ ಫಾಲ್ಸ್ ಹಚ್ಚಿದಳು. ಕೆಲಸ ಎಂದಿನಂತೆ ಸಾಗಿತು. ಒಂದೇ ವ್ಯತ್ಯಾಸ ಅಂದರೆ, ಅವಳು ಕಲ್ಪಿಸಿಕೊಳ್ಳಲು ನೋಡುತ್ತಿದ್ದಳು. ಮಣ್ಣಿನೊಳಗೆ ಒಬ್ಬ ಮನುಷ್ಯ ಕೂತಿರುವುದು ಹೇಗೆ? ಕಾಲು ಚಾಚಿಯೋ, ಮಡಚಿಯೋ? ಬೆನ್ನು ಯಾವುದಕ್ಕೆ ಆನಿಸಿರುತ್ತೆ? ಸಯೀದ್ ಮಲಗಿರುವುದನ್ನು ಮೂವತ್ತೇಳು ವರ್ಷ ಕಣ್ಣ ಮುಂದೆ ಇಟ್ಟುಕೊಂಡವಳಿಗೆ, ಅವನನ್ನು ಎಬ್ಬಿಸಿ ಕೂರಿಸಲು ಆಗುತ್ತಿರಲಿಲ್ಲ.

ತಿಮ್ಮೇಶ್ ಮತ್ತೆ ಬಂದಾಗ ಎಂಟನೇ ಕಾಲಂ ಬರೆಸಿದಳು. "ಜಾಫ್ನಾ, ಒಂದು ಶಾಲೆಯ ಎದುರು. ಮಣ್ಣು ಮಾಡಿದವರು ಅಮೃತೂರಿನ ಚನ್ನವೀರಯ್ಯ."

"ಹೆಸರಿಗೆ ಜಾಗ ಇಲ್ಲಮ್ಮ ಇದ್ರಲ್ಲಿ," ಅಂದ ತಿಮ್ಮೇಶ್.

"ಪಕ್ಕದಲ್ಲಿ ಬರೀರಿ."

ಬರೆದ. ಕಲ್ಲಿನ ಮೇಲೆ ಅದೆಲ್ಲ ಬರಲಿಲ್ಲ, ಹೆಸರು ಮತ್ತು ಇಸವಿ ಮಾತ್ರ. ಆಗಸ್ಟಿನಲ್ಲಿ ಗುಬ್ಬಿಯಲ್ಲಿ ಅದನ್ನು ನಿಲ್ಲಿಸಿದರು. ಮೈಕು, ಶಾಮಿಯಾನ, ಶಾಲೆಯ ಮಕ್ಕಳ ಬ್ಯಾಂಡು. ಅವಳಿಗೆ ಶಾಲು ಹೊದಿಸಿ ಒಂದು ಫಲಕ ಕೊಟ್ಟರು. ಯಾರೋ ಅವಳನ್ನು ವೀರನ ತಾಯಿ ಅಂದರು, ಇನ್ನೊಬ್ಬರು ತಿದ್ದಿದರು. ಭಾಷಣದಲ್ಲಿ ಸಯೀದ್ ಕೊನೆಯುಸಿರಿನ ತನಕ ಹೋರಾಡಿದ ಅಂದಾಗ ಅವಳಿಗೆ ನೆಂದ ಬೂಟು ನೆನಪಾಯಿತು. ಚನ್ನವೀರಯ್ಯ ಬಂದಿರಲಿಲ್ಲ, ಆಸ್ಪತ್ರೆಗೆ ಸೇರಿಸಿದ್ದರು.

*

ಅಕ್ಟೋಬರ್ ಮೊದಲ ವಾರದಲ್ಲಿ ಶಿವಗಂಗಮ್ಮನ ಫೋನು ಬಂತು. "ಹೋದ್ರು ಅಕ್ಕ," ಅಂದಳು. "ಬೆಳಗಿನ ಜಾವ. ಮಧ್ಯಾಹ್ನ ಮೂರಕ್ಕೆ ಎತ್ತೋದು. ನಿಮಗೆ ತಿಳಿಸ್ಬೇಕು ಅಂತ ಹೇಳಿದ್ರು."

ಮುನಾವರ್ ಪಾಷಾ ಅಂಗಡಿಯ ಶಟರ್ ಎಳೆದು ಬಂದ.

ಇವರು ಹೋಗುವಷ್ಟರಲ್ಲಿ ಮನೆಯ ಮುಂದೆ ಜನ ನೆರೆದಿತ್ತು. ಭಜನೆ ನಡೆಯುತ್ತಿತ್ತು. ಜನರ ನಡುವೆ, ಹೂವಿನಿಂದ ಸಿಂಗರಿಸಿದ ಬಿದಿರಿನ ಮಂಟಪದಲ್ಲಿ ಚನ್ನವೀರಯ್ಯ ಕೂತಿದ್ದ. ಖಮರುನ್ನೀಸಾ ದಾರಿಯಲ್ಲೇ ನಿಂತುಬಿಟ್ಟಳು. ಹೀಗೆ ಕೂತ ಹೆಣವನ್ನು ಅವಳು ಹಿಂದೆಂದೂ ಹತ್ತಿರದಿಂದ ನೋಡಿರಲಿಲ್ಲ. ಚಕ್ಕಳಮಕ್ಕಳ ಹಾಕಿದ ಕಾಲು. ತೊಡೆಯ ಮೇಲೆ ಕೈ. ಬೆನ್ನಿಗೊಂದು ಹಲಗೆ, ಬಿಳಿಯ ಬಟ್ಟೆಯಿಂದ ಬಿಗಿದಿದ್ದರು. ಹಣೆ, ತೋಳು ಎಲ್ಲ ವಿಭೂತಿ. ಮೂಗಿನ ಪೈಪು ಇರಲಿಲ್ಲ. ಮುಖ ಸಮಾಧಾನವಾಗಿತ್ತು ಅಂತ ಹೇಳಲಾಗದು. ಯಾರೋ ಕರೆದದ್ದಕ್ಕೆ ಇನ್ನೇನು ಓಗೊಡಬೇಕು ಅನ್ನುವ ಹಾಗಿತ್ತು.

ಶಿವಗಂಗಮ್ಮ ಅವಳ ಕೈ ಹಿಡಿದು ಪಕ್ಕ ಕೂರಿಸಿಕೊಂಡಳು.

ಮಣ್ಣು ಮಾಡಿದ್ದು ಅವರದೇ ತೋಟದಲ್ಲಿ. ಹೆಂಗಸರೂ ಹಿಂದೆ ಹಿಂದೆ ನಡೆದರು. ಗುಂಡಿಯ ಒಳಗೋಡೆಯಲ್ಲಿ ಒಂದು ಗೂಡು ಕೊರೆದಿದ್ದರು. ಇಬ್ಬರು ಕೆಳಗಿಳಿದು ಅವನನ್ನು ತೋಳುಗಳಲ್ಲಿ ತಗೊಂಡು, ಗೂಡಿನೊಳಗೆ ಕೂರಿಸಿದರು. ತಲೆ ಮುಂದಕ್ಕೆ ವಾಲಿತು. ಒಬ್ಬ ಅಂಗೈಯಿಂದ ಗಲ್ಲ ಎತ್ತಿ ಹಿಡಿದ. ಇನ್ನೊಬ್ಬ ಸುತ್ತ ಬಿಲ್ವಪತ್ರೆ, ವಿಭೂತಿ, ಉಪ್ಪು ತುಂಬುತ್ತ ಬಂದ. ಎದೆಮಟ್ಟ ತುಂಬಿದ ಮೇಲೆ ತಲೆ ತಾನಾಗಿ ನಿಂತಿತು. ಖಮರುನ್ನೀಸಾ ಮುಂದಿದ್ದವರನ್ನು ಸರಿಸಿಕೊಂಡು ಬಂದು ಎಲ್ಲವನ್ನೂ ನೋಡಿದಳು. ಹೀಗೆ. ಸೊಂಟದಷ್ಟೇ ಆಳದ ಗುಂಡಿಯಲ್ಲಿ, ಗೂಡಿಲ್ಲದೆ, ಉಪ್ಪಿಲ್ಲದೆ, ಮಳೆಯಲ್ಲಿ, ಇಪ್ಪತ್ತೊಂದು ವರ್ಷದ ಒಬ್ಬ ಹುಡುಗ ಇನ್ನೊಬ್ಬನನ್ನು ಯಾರ ನೆರವೂ ಇಲ್ಲದೆ ಹೀಗೆ ಕೂರಿಸಿದ್ದ. ಒಂದು ಕೈಯಲ್ಲಿ ಗಲ್ಲ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮಣ್ಣು ಎಳೆದಿರಬೇಕು.

ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕತೊಡಗಿದರು. ಮುನಾವರ್ ಪಾಷಾ ಹೋಗಿ, ತಮ್ಮಲ್ಲಿಯ ಪದ್ಧತಿಯಂತೆ ಮೂರು ಹಿಡಿ ಹಾಕಿ ಬಂದ. ಅಲ್ಲಿ ಎಲ್ಲವನ್ನೂ ನಿಂತು ಮಾಡಿಸುತ್ತಿದ್ದ ಹಿರಿಯರ ಹೆಸರು ಚನ್ನಬಸವಯ್ಯ. ಖಮರುನ್ನೀಸಾ ಅವರ ಹತ್ತಿರ ಹೋಗಿ ಕೇಳಿದಳು. "ನಾನೂ ಹಾಕ್ಬಹುದಾ?" ಅವಳ ಕಡೆಯಲ್ಲಿ ಹೆಂಗಸರು ಕಬರಸ್ಥಾನಕ್ಕೇ ಹೋಗುವುದಿಲ್ಲ. ಅಬ್ಬಾಗೂ ಅಮ್ಮೀಗೂ ಅವಳು ಮಣ್ಣು ಕೊಟ್ಟಿರಲಿಲ್ಲ.

"ಹಾಕಿ ತಾಯಿ," ಅಂದರು ಚನ್ನಬಸವಯ್ಯ. "ಮಣ್ಣಿಗೆ ಯಾರಾದ್ರೇನು."

ಒದ್ದೆ ಮಣ್ಣು, ತಣ್ಣಗಿತ್ತು. ಮೊದಲು ಒಂದು ಹಿಡಿ ಹಾಕಿದಳು. ನಿಂತಳು. ಬಗ್ಗಿ ಇನ್ನೊಂದು ಹಿಡಿ ತಗೊಂಡು ಅದನ್ನೂ ಹಾಕಿದಳು. ಮಂಡಿ ನೋಯಿತು. ಹಿಂದಿದ್ದವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಬಂದಳು.

ಸಂಜೆ ಐದೂವರೆಗೆ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ತುಮಕೂರಿನ ಬಸ್ಸಿಗೆ ಕಾಯುತ್ತ ಇಬ್ಬರೂ ಸಿಮೆಂಟು ಬೆಂಚಿನ ಮೇಲೆ ಕೂತರು. ಮುನಾವರ್ ಪಾಷಾ ಎರಡು ಟೀ ತಂದ. ಅರ್ಧ ಕುಡಿದು ಅವಳು ಇದ್ದಕ್ಕಿದ್ದಂತೆ ಅಂದಳು:

"ಮದುವೆಯಾಗಿ ನಾನು ಬಂದು ಹದಿನೈದು ದಿನ ಆಗಿತ್ತು. ಅಮ್ಮೀ ನಮಗೆ ಅಂತ ಒಂದು ಕೋಳಿ ಕೊಟ್ಟು ಕಳಿಸಿದ್ದರು, ಸಯೀದನ ಕೈಯಲ್ಲಿ. ಬಸ್ಸಿಗೆ ಕೊಟ್ಟ ದುಡ್ಡು ಉಳಿಸಿಕೊಂಡು ಯಾರದೋ ಸೈಕಲ್ ತಗೊಂಡು ಹೊರಟಿದ್ದಾನೆ. ಹ್ಯಾಂಡಲಿಗೆ ಕೋಳಿ ಕಟ್ಟಿಕೊಂಡು. ಮಲ್ಲಸಂದ್ರದ ಹತ್ತಿರ ಅದು ಬಿಡಿಸಿಕೊಂಡು ಹೊಲಕ್ಕೆ ಹಾರಿತಂತೆ."

ಮುನಾವರ್ ಪಾಷಾ ಟೀ ಲೋಟ ಹಿಡಿದುಕೊಂಡೇ ಅವಳ ಕಡೆ ತಿರುಗಿದ.

"ರಾಗಿ ಹೊಲದಲ್ಲೆಲ್ಲ ಅಟ್ಟಾಡಿಸಿದನಂತೆ. ಹೊಲದವರು ಕಳ್ಳ ಅಂತ ಇವನನ್ನೇ ಅಟ್ಟಿಸಿಕೊಂಡು ಬಂದರಂತೆ. ಪ್ಯಾಂಟು ಹರಿದುಕೊಂಡು, ಕೋಳಿ ಇಲ್ಲದೆ ನಮ್ಮ ಬೀದಿಗೆ ಬಂದು ನಿಂತಿದ್ದ. ಒಳಗೆ ಬರಲಿಲ್ಲ. ಭಾವನಿಗೆ ಹೇಳಬೇಡ ಆಪಾ, ಹೊಸ ಸಂಬಂಧ, ಮರ್ಯಾದೆ ಹೋಗುತ್ತೆ ಅಂದ. ನಾನು ಕಿಟಕಿಯಿಂದ ಸೂಜಿ ದಾರ ಕೊಟ್ಟೆ. ಅಲ್ಲೇ ಮೋರಿಯ ಮೇಲೆ ಕೂತು ಹೊಲಿದುಕೊಂಡು ಹೋದ."

"ನನಗೆ ಹೇಳಲೇ ಇಲ್ಲ ನೀನು."

"ಹೇಳಬೇಡ ಅಂದಿದ್ದನಲ್ಲ."

ಅವಳ ದನಿ ಸಣ್ಣಗೆ ಒಡೆಯಿತು. ಕಣ್ಣು ಒಣಗಿಯೇ ಇತ್ತು. ಮುನಾವರ್ ಪಾಷಾ ತನ್ನ ಲೋಟ ಬೆಂಚಿನ ಮೇಲಿಟ್ಟ. ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಊರಿನ ಹೆಸರು ಕೂಗುತ್ತಿದ್ದರು.

"ಆ ಕೋಳಿ ಏನಾಯ್ತು ಕೊನೆಗೆ?" ಅಂದ.

"ಯಾರೋ ತಿಂದಿರ್ತಾರೆ," ಅಂದಳು. ತುಮಕೂರಿನ ಬಸ್ಸು ಬಂತು. ಮಂಡಿ ಹಿಡಿದುಕೊಂಡು ಎದ್ದಳು, ಅವನು ಮೊದಲು ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದ. ಬಸ್ಸು ಊರು ದಾಟಿದ ಮೇಲೆ ಅವಳು ಸಯೀದನ ಇನ್ನೊಂದು ಕತೆ ಶುರು ಮಾಡಿದಳು.